ಚಿಕ್ಕಪ್ಪ ಮನೆಯಲ್ಲೇ ರುಬ್ಬಿದ ಸಾಫ್ಟ್‌ವೇರ್

ನಮ್ಮ ಚಿಕ್ಕಪ್ಪನಿಗೆ ರೆಡಿಮೇಡ್ ಎಂದರೆ ಮೈಯೆಲ್ಲ ಉರಿ! ಪ್ಯಾಕೆಟ್ ಹಿಟ್ಟಿನ ಇಡ್ಲಿಯನ್ನು ಮೂಸಿ ಬದಿಗೆ ಸರಿಸುವವರು ಇದ್ದಾರೆ, ಸರಿ. ಆದರೆ ಕಂಪ್ಯೂಟರಿನ ಸಾಫ್ಟ್‌ವೇರನ್ನೂ ಮನೆಯಲ್ಲೇ ರುಬ್ಬಬೇಕು ಎನ್ನುವ ಉಡುಪಿ ಹೋಟೆಲಿನವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ, ಚಿಕ್ಕಪ್ಪನ ಮನೆಯಲ್ಲೇ ಕಂಡಿದ್ದೇನೆ.

ಇದಕ್ಕೆಲ್ಲ ಕಾರಣ ಚಿಕ್ಕಮ್ಮ. ಆಕೆ ರವಿಕೆಯ ಕಸೂತಿಗೆ ಡಿಸೈನ್ ಬರೆಯುವವರು. ಪಕ್ಕದ ಕಲ್ಯಾಣ್ ಊರಿನ ಅಂಗಡಿಯವರು ಮನೆಗೇ ಬಂದು ಒಯ್ಯುತ್ತಿದ್ದರು. ಒಂದು ಕಾಯಿಲೆ ಬಂದು ಹೋದ ಮೇಲೆ ಬಲಗೈ ನಡುಗತೊಡಗಿತು. ಬರೆದ ನವಿಲಿಗೆಲ್ಲ ಚಳಿಜ್ವರ! ಚಿಕ್ಕಮ್ಮ ಪೆನ್ಸಿಲ್ ಡಬ್ಬಿಯನ್ನು ಕಪಾಟಿನೊಳಗಿಟ್ಟರು. ಚಿಕ್ಕಪ್ಪನ ಜೊತೆ ಜಗಳವಾಡುವುದನ್ನೂ ಬಿಟ್ಟರು. ನಮಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

ಚಿತ್ರ ಬರೆಯುವ ಪುಕ್ಕಟೆ ಸಾಫ್ಟ್‌ವೇರ್ ಒಂದಿತ್ತು. ನಡುಗುವ ಗೆರೆಯನ್ನು ತಾನಾಗಿ ತಿದ್ದುವ ಒಂದಿಷ್ಟು ಕೋಡನ್ನು ಯಾವ ದೇಶದ ಪುಣ್ಯಾತ್ಮನೋ ಬರೆದು ಇಂಟರ್ನೆಟ್ಟಿಗೆ ಹಾಕಿದ್ದ. ಆದರೆ ರೆಡಿಯಾಗಿ ಸಿಗುವ ಆವೃತ್ತಿಗೆ ಅದಿನ್ನೂ ಸೇರಿರಲಿಲ್ಲ. ಬೇಕಾದವರು ಸೋರ್ಸ್ ಕೋಡ್ ಇಳಿಸಿಕೊಂಡು, ಇದನ್ನು ಬೆರೆಸಿ, ವಿಂಡೋಸಿನಲ್ಲಿ ತಾವೇ ಬಿಲ್ಡ್ ಮಾಡಿಕೊಳ್ಳಬೇಕು, ಎಂದರೆ ಆ ಕೋಡಿನಿಂದ ಸಾಫ್ಟ್‌ವೇರನ್ನು ತಾವೇ ತಯಾರಿಸಿಕೊಳ್ಳಬೇಕು. ಚಿಕ್ಕಪ್ಪನಿಗೆ ಇನ್ನೇನು ಬೇಕು!

"ಪಪ್ಪಾ, ಕಿಸೀ ಇಂಜಿನಿಯರ್ ಕೋ ಬುಲಾವೋ ನಾ," ಎಂದು ಇಂಜಿನಿಯರನ್ನು ಕರೆಸಲು ಹೇಳಿದಳು ಚಿಕ್ಕಪ್ಪನ ಮಗಳು.

"ಹಿಟ್ಟು ರುಬ್ಲಿಕ್ಕೆ ಇಂಜಿನಿಯರ್ ಎಂತಕ್ಕೆ?" ಎಂದರು ಚಿಕ್ಕಪ್ಪ.

ಹಾಲ್‌ನ ಟೇಬಲ್ ಫ್ಯಾನು ಬಿಸಿಯೇರಿದ ಕಂಪ್ಯೂಟರಿನ ಮುಂದೆ ಹೋಯಿತು. ಅದಕ್ಕೆ ಗಾಳಿ, ನಮಗೆ ಬೆವರು! ಫ್ಯೂಸ್ ಹೋದೀತೆಂದು ಮಿಕ್ಸಿ ಬಂದ್, ಚಟ್ನಿ ಬಂದ್. ಇಷ್ಟಾದರೂ ಅರ್ಧ ಬಿಲ್ಡ್ ಆಗುವಾಗ ಲೋಡ್ ಶೆಡ್ಡಿಂಗ್. ಜೊತೆಗೆ ಇಳಿಸಬೇಕಾದ ಸಣ್ಣಪುಟ್ಟ ಸಾಫ್ಟ್‌ವೇರ್‌ಗಳೋ, ಅದಕ್ಕೆ ಇದು ಬೇಕು, ಇದಕ್ಕೆ ಮತ್ತೊಂದು ಬೇಕು. ಒಬ್ಬರನ್ನು ಊಟಕ್ಕೆ ಕರೆದರೆ ಪಕ್ಕದ ದಿವಾ ಊರಿನ ನೆಂಟರೆಲ್ಲ ಹೊರಟುಬಂದ ಹಾಗೆ. ಎಲ್ಲವನ್ನೂ ಒದಗಿಸಿದ ಮೇಲೂ ಪರದೆಯ ತುಂಬ ಅದೇ ಎರರ್! ಚಿಕ್ಕಪ್ಪ ಟಿಟ್ವಾಳಾಕ್ಕೆ ಹೋಗಿ ಗಣಪತಿಗೆ ಗರಿಕೆ ಏರಿಸಿ ಬಂದರು. ಎರರ್ ಕದಲಲಿಲ್ಲ.

ಕೊನೆಗೆ ಇಂಟರ್ನೆಟ್ಟಿನಲ್ಲಿ ಬಲ್ಲವರನ್ನು ಕೇಳಿದರೆ ಉತ್ತರ ಬಂತು: ಫೋಲ್ಡರಿನ ಹೆಸರಿನ ನಡುವೆ ಖಾಲಿ ಜಾಗ ಇರಕೂಡದು. ನೋಡಿದರೆ, ಶುಭ ಕೆಲಸವೆಂದು ಚಿಕ್ಕಪ್ಪ ಎಲ್ಲವನ್ನೂ 'ಶ್ರೀ ಗಣೇಶಾಯ ನಮಃ' ಎಂಬ ಫೋಲ್ಡರಿನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಬಿಡಿಬಿಡಿಯಾಗಿ ಬರೆದು ಇಟ್ಟಿದ್ದರು! ಆ ಖಾಲಿ ಜಾಗದಲ್ಲೇ ಬಿಲ್ಡ್ ಮುಗ್ಗರಿಸುತ್ತಿತ್ತು.

"ದೇವರ ಹೆಸರು ತೆಗೀಲಿಕ್ಕೆ ನನ್ನಿಂದ ಆಗುದಿಲ್ಲ!" ಚಿಕ್ಕಪ್ಪ ಹಟ ಹಿಡಿದರು.

"ತೆಗೀಲಿಕ್ಕೆ ಯಾರು ಹೇಳಿದ್ದು? ಸೇರಿಸಿ ಬರೀರಿ ಮಾರಾಯ್ರೆ! ಗಣಪತಿಗೆ ಓದ್ಲಿಕ್ಕೆ ಬರುದಿಲ್ವಾ?" ಅಡುಗೆಮನೆಯಿಂದ ಚಿಕ್ಕಮ್ಮನ ದನಿ! ಎಷ್ಟು ಕಾಲದ ಮೇಲೆ ಬೈದರು! ನನಗಂತೂ ಅರ್ಧ ಜೀವ ಬಂತು.

ಸೇರಿಸಿ ಬರೆದರು. ಸಂಜೆಯೊಳಗೆ ಬಿಲ್ಡ್ ಮುಗಿದು ಸಾಫ್ಟ್‌ವೇರ್ ತೆರೆದುಕೊಂಡಿತು. ಚಿಕ್ಕಮ್ಮನನ್ನು ಎಳೆತಂದು ಕೂರಿಸಿ ಕಂಪ್ಯೂಟರಿನ ಪೆನ್ನು ಕೊಟ್ಟೆವು. ಕೈ ಎಂದಿನಂತೆ ನಡುಗುತ್ತಿತ್ತು. ಪರದೆಯ ಮೇಲೆ ಗೆರೆ ಮಾತ್ರ ನುಣ್ಣಗೆ ಬಾಗಿ ಸಾಗಿತು. ಅಬ್ಬ, ಗೆದ್ದೆವು!

ನವಿಲು ಬರುತ್ತದೆಂದು ನಾವು ಕಾದರೆ, ಬಂದದ್ದು ಒಂದು ಬೋಳು ತಲೆ. ಅದರ ಕೆಳಗೆ ಗುಡಾಣ ಹೊಟ್ಟೆ.

"ನನ್ನ ಹೊಟ್ಟೆ ಅಷ್ಟು ದೊಡ್ಡದುಂಟಾ?" ಎಂದು ಚಿಕ್ಕಪ್ಪ ನಗಲು ಹೋದರು, ಆಗಲಿಲ್ಲ. ಚಿಕ್ಕಮ್ಮನ ನಡುಗುವ ಕೈಯನ್ನು ಪೆನ್ನಿನ ಸಮೇತ ಎರಡೂ ಕೈಗಳಲ್ಲಿ ಹಿಡಿದು, ನಮ್ಮೆಲ್ಲರ ಎದುರೇ ಅತ್ತುಬಿಟ್ಟರು.

"ಬಿಡಿ ಮಾರಾಯ್ರೆ," ಎಂದರು ಚಿಕ್ಕಮ್ಮ ಮೆಲ್ಲಗೆ. "ನಿಮ್ಮ ಕಣ್ಣು ಬರೀಲಿಕ್ಕೆ ಬಾಕಿ ಉಂಟು."