ಏಣಿ ನೀಲಿಯಾದದ್ದು ಯಾರಿಂದ

ಈಜುಕೊಳದ ಏಣಿಗೆ ಕಲೆ ಹತ್ತಿದ್ದು ನನ್ನ ಅತ್ತೆಯಿಂದ ಎಂದು ನಾನು ನಂಬಿದ್ದೆ. ನಂಬಿ ಸುಮ್ಮನಿದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ, ಬಾಯಿಬಿಟ್ಟು ಹೇಳಿಯೂಬಿಟ್ಟೆ.

ಕುಂದಾಣದ ಬಳಿ ಇಪ್ಪತ್ತು ವರ್ಷ ನಮ್ಮದು ದ್ರಾಕ್ಷಿ ತೋಟ. ಮೂರು ವರ್ಷದ ಹಿಂದೆ ಬಳ್ಳಿ ತೆಗೆಸಿ, ಮನೆಯ ಪಕ್ಕದಲ್ಲೇ ನಾಲ್ಕು ಕೋಣೆ ಕಟ್ಟಿಸಿ, ಶನಿವಾರ ಭಾನುವಾರ ಬಂದು ತಂಗುವವರಿಗಾಗಿ ಒಂದು ಸಣ್ಣ ಈಜುಕೊಳ ಮಾಡಿಸಿದೆ. ಏಣಿಯ ಮೆಟ್ಟಿಲು, ಅಡ್ಡ ಕಟ್ಟುವ ಹಗ್ಗದ ಗುಂಡುಗಳು, ತರಗೆಲೆ ಹಿಡಿಯುವ ಬುಟ್ಟಿ ಎಲ್ಲವೂ ಹಾಲಿನಂಥ ಬಿಳಿ ಪ್ಲಾಸ್ಟಿಕ್ಕು. ಈ ಬೇಸಿಗೆಯಲ್ಲಿ ಅವು ಮೊದಲು ತಿಳಿನೀಲಿಗೆ ತಿರುಗಿದವು, ಆಮೇಲೆ ಹಸಿರಿಗೆ, ಅಂಚುಗಳಲ್ಲಿ ಕಪ್ಪಿಗೆ. ಸೋಪಿನ ಪುಡಿ, ಬೂದಿ, ತೆಂಗಿನ ನಾರು ಯಾವುದಕ್ಕೂ ಜಗ್ಗಲಿಲ್ಲ.

ವಾರದ ಎಲ್ಲ ದಿನ ಕೊಳಕ್ಕಿಳಿಯುತ್ತಿದ್ದವರು ಒಬ್ಬರೇ, ಅತ್ತೆ ಮುನಿಲಕ್ಷ್ಮಮ್ಮನವರು. ಮಂಡಿ ಸವೆದಿದೆ, ನೀರಿನಲ್ಲಿ ನಡೆಯಿರಿ ಎಂದು ಡಾಕ್ಟರು ಹೇಳಿದ್ದರಿಂದ ಮಗಳ ಮನೆಗೆ ಬಂದು, ಬೆಳಿಗ್ಗೆ ಅರ್ಧ ಗಂಟೆ ಸೊಂಟದುದ್ದ ನೀರಿನಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿದ್ದರು. ಅವರಿಗೆ ಎಪ್ಪತ್ತು. ತಲೆಗೂದಲು ಮಾತ್ರ ಕಾಡಿಗೆಯಂತೆ ಕಪ್ಪು. (ಇದರಲ್ಲಿ ಪ್ರಕೃತಿಯ ಪಾತ್ರ ಕಡಿಮೆ.)

“ನಿಮ್ಮಮ್ಮನ ತಲೆ ಬಣ್ಣ ಬಿಡ್ತಾ ಇದೆ ಕಣೆ,” ಎಂದೆ ಹೆಂಡತಿ ಕವಿತಳಿಗೆ.

“ಅಮ್ಮ ಹಚ್ಚೋದು ಕಪ್ಪು. ಏಣಿ ಆಗಿರೋದು ನೀಲಿ.”

“ಕಪ್ಪು ನೀರಲ್ಲಿ ಒಡೆದ್ರೆ ನೀಲಿ ಆಗತ್ತೆ. ಕೆಮಿಸ್ಟ್ರಿ ಅದು.”

“ಪಿಯುಸಿಲಿ ಎರಡ್ ಸಲ ಬರೆದ್ರಲ್ಲ, ಆ ಕೆಮಿಸ್ಟ್ರಿನಾ?”

ವಿದ್ಯಾಭ್ಯಾಸವನ್ನು ಎತ್ತಿ ಆಡಿದ ಮೇಲೆ ಗಂಡಸು ಹಿಂದೆ ಸರಿಯಲಾರ. ನನ್ನ ದನಿ ಏರಿತು. ಪಕ್ಕದ ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಅತ್ತೆಗೆ ಕೇಳಿಸಿತು.

ಮರುದಿನ ಅವರು ಕೊಳಕ್ಕೆ ಇಳಿಯಲಿಲ್ಲ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಮಂಡಿಗೆ ಎಣ್ಣೆ ತಿಕ್ಕುತ್ತ ಕೂತರು. ಕವಿತ ನನಗೆ ಮೂರು ಹೊತ್ತೂ ಬಡಿಸಿದಳು. ಮಾತು ಮಾತ್ರ ಬಡಿಸಲಿಲ್ಲ.

ತಪ್ಪು ಯಾರದೆಂದು ಸಾಬೀತಾಗಿಯೇ ಬಿಡಲಿ ಎಂದು ಏಣಿಗೆ ಹೊಸ ಮೆಟ್ಟಿಲು ಹಾಕಿಸಿದೆ. ಕೊಳ ಖಾಲಿ ಬಿದ್ದಿರಬಾರದೆಂದು ದಿನಾ ನಾನೇ ಒಂದು ಗಂಟೆ ಈಜಿದೆ. ಮೂರೇ ವಾರದಲ್ಲಿ ಹೊಸ ಮೆಟ್ಟಿಲೂ ನೀಲಿ ಹೊಡೆಯಿತು. ಅಷ್ಟರಲ್ಲಿ ಅತ್ತೆ ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕಾಗಿತ್ತು. ಅದನ್ನು ನೋಡಲಾರದೆ ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆ.

ಕೊನೆಗೆ ಕವಿತಳೇ ದೇವನಹಳ್ಳಿಯಿಂದ ಈಜುಕೊಳ ರಿಪೇರಿ ಮಾಡುವ ಮುರಳಿಯನ್ನು ಕರೆಸಿದಳು. ಅವನು ಮೆಟ್ಟಿಲು ನೋಡಿದ, ನೀರು ಪರೀಕ್ಷಿಸಿದ, ಆಮೇಲೆ ಬಹಳ ಹೊತ್ತು ನನ್ನ ತಲೆಯನ್ನೇ ನೋಡಿದ.

“ಪಾಚಿಗೆ ಏನ್ ಹಾಕ್ತೀರಾ ಸಾರ್?”

“ದ್ರಾಕ್ಷಿಗೆ ಹೊಡೀತಿದ್ವಲ್ಲ, ಮೈಲುತುತ್ತ. ಈ ಬೇಸ್ಗೆಯಿಂದ ವಾರಕ್ಕೆರಡು ಹಿಡಿ. ಮೇಲೆ ಕ್ಲೋರಿನ್,” ಎಂದೆ, ಅನುಭವಸ್ಥನ ಗತ್ತಿನಲ್ಲಿ.

“ಮೈಲುತುತ್ತ ಅಂದ್ರೆ ತಾಮ್ರ ಸಾರ್. ಕ್ಲೋರಿನ್ ಜಾಸ್ತಿ ಆದಂಗೆಲ್ಲ ಆ ತಾಮ್ರ ನೀರಲ್ಲಿ ನಿಲ್ಲಲ್ಲ, ಬಿಳಿ ಪ್ಲಾಸ್ಟಿಕ್ ಮೇಲೆ ಕೂರತ್ತೆ. ಏಣಿಗೂ ಅದೇ, ಬುಟ್ಟಿಗೂ ಅದೇ.” ಮತ್ತೆ ನನ್ನ ತಲೆಯತ್ತ ನೋಡಿ, “ಬಿಳಿ ಕೂದಲಿಗೂ ಅದೇ,” ಎಂದ.

ದಿನಾ ಬಚ್ಚಲಿನ ಮಬ್ಬಿನಲ್ಲೇ ತಲೆ ಬಾಚಿಕೊಳ್ಳುವ ನಾನು, ಬಿಸಿಲಿನಲ್ಲಿ ನಿಂತಿದ್ದ ಅವನ ಬೈಕಿನ ಕನ್ನಡಿಯಲ್ಲಿ ನೋಡಿಕೊಂಡೆ. ಐವತ್ತಾರು ವರ್ಷಕ್ಕೆ ಗೌರವದಿಂದ ನರೆತಿದ್ದ ನನ್ನ ತಲೆ, ಮೀಸೆ ಎರಡೂ ಎಳೆ ಹುಲ್ಲಿನ ಬಣ್ಣಕ್ಕೆ ತಿರುಗಿದ್ದವು. ಇದೇ ತಲೆ ಹೊತ್ತು ನಾನು ಹಿಂದಿನ ವಾರ ಹಾಲಿನ ಡೇರಿಯ ಸಭೆಯಲ್ಲಿ ಶಿಸ್ತಿನ ಬಗ್ಗೆ ಮಾತಾಡಿ ಬಂದಿದ್ದೆ.

“ನಿಂಗೆ ಕಾಣ್ಲಿಲ್ವಾ?” ಎಂದೆ ಕವಿತಳಿಗೆ.

“ಹೇಳೋಕೆ ನಾವಿಬ್ರು ಮಾತಾಡ್ತಿದ್ವಾ?”

ಅಂಗಳಕ್ಕೆ ಹೋಗಿ ಅತ್ತೆಯ ಮುಂದೆ ನಿಂತೆ. “ತಪ್ಪು ನಂದು ಅತ್ತೆ. ಏಣಿ ಕೆಡಿಸಿದ್ದು ನಾನೇ. ನೋಡಿ, ತಲೆನೂ ಕೆಟ್ಟಿದೆ. ನಿಮಗಾದ್ರೂ ಕಾಣ್ಲಿಲ್ವಾ?”

“ಕಾಣ್ತಿತ್ತು ಅಳಿಯಂದ್ರೆ. ನೀವೇ ಬಣ್ಣ ಹಚ್ಕೊಂಡಿದ್ದೀರೇನೋ ಅಂದ್ಕೊಂಡೆ. ಇನ್ನೊಬ್ರ ತಲೆ ವಿಷ್ಯ ನಾವ್ಯಾಕೆ ಎತ್ತಬೇಕು ಅಂತ ಸುಮ್ನಿದ್ದೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನೀರೆಲ್ಲ ಬದಲಾಯಿಸಿ, ಮೆಟ್ಟಿಲು ಮತ್ತೆ ಹೊಸದು ಹಾಕಿಸಿ, ಮುರಳಿ ಹೇಳಿದ ಅಳತೆಗೆ ಕ್ಲೋರಿನ್ ಬೆರೆಸಿದೆ. ಕ್ಷೌರ ಮಾಡಿಸಿಕೊಂಡು ಬಂದು ಅತ್ತೆಯನ್ನು ಕರೆದೆ. ಅವರು ನೀರನ್ನೂ ನನ್ನನ್ನೂ ನೋಡಿದರು.

“ಮೊದ್ಲು ನೀವಿಳೀರಿ. ಒಂದ್ ವಾರ ನೋಡಾಣ.”

ಆ ವಾರವೆಲ್ಲ ಬೆಳಿಗ್ಗೆ ಮುಳುಗೆದ್ದು, ಟವೆಲ್ ಸುತ್ತಿಕೊಂಡು, ಅವರ ಕುರ್ಚಿಯ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದೆ. ಅವರು ಕನ್ನಡಕ ಏರಿಸಿ, ಹೇನು ನೋಡುವಂತೆ ನನ್ನ ಗಿಡ್ಡ ಕೂದಲನ್ನು ಬಿಡಿಸಿ ಬಿಡಿಸಿ ನೋಡುತ್ತಿದ್ದರು. ಶನಿವಾರ ಬಂದಿದ್ದ ಅತಿಥಿಗಳು ಇದು ನಮ್ಮ ಕಡೆಯ ಪದ್ಧತಿಯೆಂದು ತಿಳಿದು ಭಕ್ತಿಯಿಂದ ಫೋಟೊ ತೆಗೆದುಕೊಂಡರು.

ಎಂಟನೆಯ ದಿನ ಅತ್ತೆ, “ಬೆಳ್ಳಗೇ ಐತೆ,” ಎಂದು ತೀರ್ಪು ಕೊಟ್ಟು, ಸೆರಗು ಸಿಕ್ಕಿಸಿ, ಮೆಟ್ಟಿಲ ಮೇಲೆ ಕಾಲಿಟ್ಟರು. ನಾನು ನೀರಿನಲ್ಲಿ ನಿಂತು ಕೈ ಚಾಚಿದೆ. ಅವರು ಕೈಯನ್ನು ನಂಬಲಿಲ್ಲ. ನನ್ನ ತಲೆಯ ಮೇಲೆ ಅಂಗೈ ಊರಿ, ಇಡೀ ಭಾರ ಬಿಟ್ಟು, ನಿಧಾನವಾಗಿ ಇಳಿದರು.