ಊರಿಗೊಂದೇ ಕೋಟು

ದೊಮ್ನಾ ಫೋನಿನಲ್ಲಿ ಹೇಳಿದ್ದು ಎರಡೇ ಮಾತು. ಒಂದು, "ನಮ್ಮಪ್ಪ ನಿನ್ನನ್ನ ನೋಡ್ಬೇಕಂತೆ, ಶನಿವಾರ ಬಾ." ಇನ್ನೊಂದು, "ಇಲ್ಲಿ ಮೈನಸ್ ಹದಿನಾಲ್ಕು. ಒಳ್ಳೇ ಕೋಟು ಹಾಕ್ಕೊಂಡು ಬಾ ಸೀಫಿ. ನಮ್ಮಪ್ಪ ಮನುಷ್ಯನ ಮುಖ ನೋಡೋದು ಆಮೇಲೆ, ಮೊದಲು ನೋಡೋದು ಕೋಟು."

ಮೊದಲ ಮಾತಿಗೆ ಸೀಫಿಯ ಎದೆಯೊಳಗಿನ ಹಕ್ಕಿ ರೆಕ್ಕೆ ಬಿಚ್ಚಿ ಹಾರಿತು. ಎರಡನೆಯದನ್ನು ಕೇಳಿ ಅರ್ಧ ದಾರಿಯಿಂದಲೇ ವಾಪಸು ಬಂದು ಕೂತಿತು.

ಸೀಫಿ ಕ್ರೀಟ್ ದ್ವೀಪದ ದಕ್ಷಿಣ ದಂಡೆಯಲ್ಲಿ, ನಮ್ಮೂರಲ್ಲಿ, ಟೊಮೆಟೊ ಬೆಳೆಯುವವನು. ಅವನ ಮೂವತ್ತನಾಲ್ಕು ವರ್ಷಗಳಲ್ಲಿ ಅರ್ಧ ಭಾಗ ಪಾಲಿಹೌಸಿನೊಳಗೆ ಬೆವರುತ್ತಲೇ ಕಳೆದಿತ್ತು. ಮಿಲಿಟರಿಗೆ ಕರೆಸಿಕೊಂಡಾಗಲೂ ಅವನ ಪಾಲಿಗೆ ಬಂದದ್ದು ರೋಡ್ಸ್ ದ್ವೀಪ, ಅಲ್ಲೂ ಬಿಸಿಲೇ. ನಮ್ಮೂರಲ್ಲಿ ಚಳಿಗಾಲವೆಂದರೆ ಮಡಚಿದ ಅಂಗಿತೋಳನ್ನು ಕೆಳಗಿಳಿಸುವ ಕಾಲ. ಹಿಮ ಎಂಬುದು ದೂರದ ದಿಕ್ತಿ ಬೆಟ್ಟ ತಲೆಗೆ ಹಾಕಿಕೊಳ್ಳುವ ಟೋಪಿ. ಅದು ಬೆಟ್ಟದ ಮನೆವಿಷಯ, ನಾವು ತಲೆಹಾಕುವುದಿಲ್ಲ. ದೊಮ್ನಾಳ ಊರು ಕಸ್ತೋರಿಯಾ ಮಾತ್ರ ದೇಶದ ಇನ್ನೊಂದು ತುದಿಯಲ್ಲಿ, ಕೆರೆಯೇ ಹೆಪ್ಪುಗಟ್ಟಿ ನಾಯಿಗಳು ಅದರ ಮೇಲೆ ಓಡಾಡುವಂಥ ಕಡೆ. ಅವಳು ನಮ್ಮೂರ ಶಾಲೆಗೆ ಟೀಚರಾಗಿ ಬಂದು ಎರಡು ವರ್ಷ ಇದ್ದು, ಸೀಫಿಯ ನಿದ್ದೆ ಕದ್ದುಕೊಂಡು, ಹೋದ ಬೇಸಿಗೆಯಲ್ಲಿ ಊರಿಗೆ ಮರಳಿದ್ದಳು. ಅವಳಪ್ಪ ನಾವೂಮ್ ಅಲ್ಲಿ ತುಪ್ಪಳದ ಕೋಟು ಹೊಲಿಯುವ ದರ್ಜಿ. ಅವನು ಒಪ್ಪಿದರೆ ಮದುವೆ.

ಶನಿವಾರ ಬೆಳಗಾಗುತ್ತಲೇ ಸೀಫಿ ಸೂಟ್‌ಕೇಸನ್ನು ಮಂಚದ ಮೇಲೆ ತೆರೆದಿಟ್ಟ. ವಿಮಾನ ಮಧ್ಯಾಹ್ನಕ್ಕೆ. ಮೂರು ಅಂಗಿ, ಎರಡು ಜೊತೆ ಕಾಲುಚೀಲ, ಗಾಳಿ ತಡೆಯುವ ತೆಳ್ಳನೆಯ ಜಾಕೆಟ್ಟು ಇಟ್ಟು ಮುಚ್ಚಬೇಕೆನ್ನುವಷ್ಟರಲ್ಲಿ ಅವನ ತಾಯಿ ಕಲಿರೋಯಿ ಬಾಗಿಲಿಗೆ ಬಂದಳು.

"ಇಷ್ಟೇನಾ? ಅವಳಪ್ಪನ ಮುಂದೆ ನಡುಗ್ತಾ ನಿಂತ್ರೆ ಹೆದರ್ಕೊಂಡಿದಾನೆ ಅಂದ್ಕೋತಾರೆ ಕಣೋ."

ಹೀಗೆಂದವಳು ಹಿತ್ತಲ ಗೋಡೆಯ ಆಚೆಗೆ ರೊದಾಂಥಿ ಚಿಕ್ಕಮ್ಮನಿಗೂ ವಿಷಯ ಹೇಳಿದಳು. ರೊದಾಂಥಿಗೆ ಹೇಳುವುದೂ ಚರ್ಚಿನ ಗಂಟೆ ಹೊಡೆಯುವುದೂ ಒಂದೇ, ಗಂಟೆಯಾದರೆ ಸ್ವಲ್ಪ ಹೊತ್ತಿಗೆ ಸುಮ್ಮನಾಗುತ್ತದೆ. ಕಾಲು ಗಂಟೆಯಲ್ಲಿ ಮನೆ ತುಂಬಿತು. ರೊದಾಂಥಿ ತೀರಿಹೋದ ಗಂಡನ ಉಣ್ಣೆಯ ಚಡ್ಡಿ ತಂದಳು, ಅದರಲ್ಲಿ ಸೀಫಿಯಂಥವರು ಇಬ್ಬರು ಹಿಡಿಯುತ್ತಿದ್ದರು. ಮೀನುಗಾರರ ಮನೆಯಿಂದ ಕೈಗವಸು ಬಂತು, ಆಡು ಕಾಯುವವರ ಮನೆಯಿಂದ ಕಿವಿ ಮುಚ್ಚುವ ಟೋಪಿ. ಪಾದ್ರಿಯ ಹೆಂಡತಿ ತಾನೇ ಹೆಣೆದ ನಾಲ್ಕು ಸ್ವೆಟರ್ ಕಳಿಸಿದ್ದಳು, ನಾಲ್ಕರಲ್ಲೂ ಕುತ್ತಿಗೆ ಎಲ್ಲಿ ತೋಳು ಎಲ್ಲಿ ಎಂದು ಹುಡುಕಬೇಕಿತ್ತು. ಬೂಟಿನೊಳಗೆ ಪೇಪರ್ ತುರುಕಬೇಕೆಂದು ಒಬ್ಬರು ಹೇಳಿದರು. ಅಲ್ಲಿ ಮೂಗು ಒಡೆದು ಉದುರಿಬಿಡುತ್ತದೆ, ಆಲಿವ್ ಎಣ್ಣೆ ಹಚ್ಚಿಕೊಂಡರೆ ಏನೂ ಆಗುವುದಿಲ್ಲ ಎಂದು ಇನ್ನೊಬ್ಬರು. ಹೇಳಿದವರಲ್ಲಿ ಒಬ್ಬರೂ ಹಿಮವನ್ನು ಮುಟ್ಟಿ ನೋಡಿದವರಲ್ಲ.

ಹೆಣ್ಣು ಕೇಳಲು ಬರಿಗೈಯಲ್ಲಿ ಹೋಗುವುದುಂಟೇ ಎಂದು ತಾಯಿ ಐದು ಲೀಟರಿನ ಎಣ್ಣೆ ಡಬ್ಬ ಇಟ್ಟಳು. ಅದರ ಪಕ್ಕಕ್ಕೆ ಆಡು ಕಾಯುವವರು ಕೊಟ್ಟ ಗಾಲಿಯಂಥ ದುಂಡು ಚೀಸು, ಜೇನು, ಬಾರ್ಲಿಯ ಒಣ ರೊಟ್ಟಿ, ನೀರಿನ ಬಾಟಲಿಗಳಲ್ಲಿ ತುಂಬಿದ, ಮನೆಯಲ್ಲೇ ಇಳಿಸಿದ ದ್ರಾಕ್ಷಿ ಸಾರಾಯಿ ರಾಕಿ. ಟೊಮೆಟೊ ತೂಗುವ ತಕ್ಕಡಿಯ ಮೇಲೆ ಸೂಟ್‌ಕೇಸ್ ಇಟ್ಟಾಗ ಮೂವತ್ತೊಂದು ಕಿಲೋ ತೋರಿಸಿತು. ವಿಮಾನದವರು ಬಿಡುವುದು ಇಪ್ಪತ್ತು. ಯಾವುದನ್ನು ತೆಗೆಯಬೇಕೆಂದು ಅರ್ಧ ಗಂಟೆ ಚರ್ಚೆಯಾಯಿತು. ಎಣ್ಣೆಯನ್ನಂತೂ ತೆಗೆಯುವ ಮಾತಿಲ್ಲ, ಚೀಸು ತೆಗೆದರೆ ಕೊಟ್ಟವರಿಗೆ ಬೇಸರ, ರಾಕಿ ತೆಗೆಯುತ್ತೇನೆಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ಕೊನೆಗೆ ಹೊರಬಂದದ್ದು ಬಟ್ಟೆಗಳು.

"ಮೈಮೇಲೆ ಹಾಕ್ಕೊಂಬಿಡು ಮಗಾ," ಎಂದಳು ರೊದಾಂಥಿ. "ಮೈನ ಯಾರೂ ತೂಗಲ್ಲ."

ಸೀಫಿ ಒಂದರ ಮೇಲೊಂದು ಹಾಕಿಕೊಂಡ. ದ್ರಾಕ್ಷಿ ಎಲೆಯೊಳಗೆ ಸುತ್ತಿದ ಅನ್ನದಂತೆ ಆದ. ಕೈ ಕೆಳಗಿಳಿಸಲಾಗದೆ, ಹಾರಲು ಹೊರಟ ಬಾತುಕೋಳಿಯಂತೆ ನಿಂತ. ಆದರೂ ಕೋಟು ಇರಲಿಲ್ಲ. ಎಲ್ಲರೂ ಬೀದಿಯ ಕಡೆ ನೋಡಿದರು, ಏಕೆಂದರೆ ನಮ್ಮೂರಿಗೆ ಇದ್ದದ್ದು ಒಂದೇ ಕೋಟು, ಅದು ಕಾಫಿ ಅಂಗಡಿಯ ಮಥಿಯೊನದು.

ಆ ಕೋಟು ಕಪ್ಪಗೆ, ಭಾರವಾಗಿ, ಕುತ್ತಿಗೆಯ ಸುತ್ತ ಕಂದು ತುಪ್ಪಳದ ದೊಡ್ಡ ಕಾಲರಿನೊಂದಿಗೆ, ವರ್ಷವಿಡೀ ಕಾಫಿ ಅಂಗಡಿಯ ಒಳಕೋಣೆಯಲ್ಲಿ ನಿದ್ದೆ ಮಾಡುತ್ತಿತ್ತು. ಥೆಸಲೊನೀಕಿಯ ಆಸ್ಪತ್ರೆಗೆ ಹೋಗುವವರು, ಜರ್ಮನಿಗೆ ಕೂಲಿಗೆ ಹೋಗುವವರು ಎಲ್ಲರೂ ಅದನ್ನೇ ತೊಟ್ಟು ಹೋಗಿ ತಂದು ತೂಗುಹಾಕುತ್ತಿದ್ದರು. ಮಥಿಯೊನಿಗೆ ಐವತ್ತಾರು, ಮದುವೆಯಾಗಿರಲಿಲ್ಲ. ಮೂವತ್ತೈದು ವರ್ಷದ ಹಿಂದೆ ಉತ್ತರದ ಗಡಿಯಲ್ಲಿ ಸೈನಿಕನಾಗಿದ್ದು ಬಂದ ಮೇಲೆ ಊರು ಬಿಟ್ಟು ಕದಲಿರಲಿಲ್ಲ, ಹಲ್ಲು ನೋಯುವಾಗಲೂ ಪೇಟೆಗೆ ಹೋಗದೆ ರಾಕಿ ಮುಕ್ಕಳಿಸುತ್ತಿದ್ದ. ಕೋಟು ಎಲ್ಲಿಂದ ಬಂತೆಂದು ಕೇಳಿದರೆ ಅವನು ಒಂದೊಂದು ಚಳಿಗಾಲಕ್ಕೆ ಒಂದೊಂದು ಕತೆ ಹೇಳುತ್ತಿದ್ದ. ಒಮ್ಮೆ ಅದು ತೋಳವನ್ನು ಕೊಂದದ್ದಕ್ಕೆ ಸೇನೆಯ ಜನರಲ್ ಕೊಟ್ಟದ್ದು, ಇನ್ನೊಮ್ಮೆ ಇಸ್ಪೀಟಿನಲ್ಲಿ ಬಿಷಪ್ಪನಿಂದ ಗೆದ್ದದ್ದು. ಕೋಟು ವಾಪಸು ತಂದವರನ್ನು ಮಾತ್ರ ಪ್ರತಿಸಲ ಒಂದೇ ಪ್ರಶ್ನೆ ಕೇಳುತ್ತಿದ್ದ: "ಜೇಬಲ್ಲಿ ಏನಾದ್ರೂ ಸಿಕ್ತಾ?" ತನ್ನ ಚಿಲ್ಲರೆ ಕಾಸು ಹೋಯಿತೆಂಬ ಚಿಂತೆ ಮುದುಕನಿಗೆ, ಎಂದು ಊರು ನಗುತ್ತಿತ್ತು.

ಮಥಿಯೊ ಕೋಟನ್ನು ಮಗುವಿನಂತೆ ಎರಡೂ ಕೈಯಲ್ಲಿ ಹಿಡಿದು ತಂದ. ಸೀಫಿ ಯಾವ ಊರಿಗೆ ಹೊರಟಿದ್ದಾನೆಂದು ಆಗಷ್ಟೇ ಯಾರೋ ಅವನಿಗೆ ಹೇಳಿದರು.

"ಕಸ್ತೋರಿಯಾಗಾ?" ಎಂದವನು ಮೀಸೆ ನೇವರಿಸಿಕೊಂಡ.

ಕಲಿರೋಯಿ ಕೋಟನ್ನು ಬೆಳಕಿಗೆ ಹಿಡಿದು ಮುಖ ಕಿವುಚಿದಳು. ಅಷ್ಟು ದೊಡ್ಡ ಕಾಲರನ್ನು ಹೊಲಿದೇ ಇರಲಿಲ್ಲ, ರವಿಕೆಗೆ ಹಾಕುವಂಥ ಸಣ್ಣ ಹುಕ್ಕುಗಳಲ್ಲಿ ಸಿಕ್ಕಿಸಿ ಬಿಟ್ಟಿದ್ದರು. ಎರಡು ಹುಕ್ಕು ಸಡಿಲವಾಗಿದ್ದವು. ಉತ್ತರದ ದರ್ಜಿಗಳ ಸೋಮಾರಿತನವೆಂದರೆ ಇದು ಎಂದಳು. ಹೆಣ್ಣಿನ ಅಪ್ಪನ ಮುಂದೆ ಕಾಲರು ಜಾರಿ ಬಿದ್ದರೆ ಮಾನ ಉಳಿಯುವುದೇ?

"ಬಿಡಕ್ಕಾ, ಮೂವತ್ತೈದು ವರ್ಷದಿಂದ ಬಿದ್ದಿಲ್ಲ," ಎಂದ ಮಥಿಯೊ.

ಅವಳು ಬಿಡಲಿಲ್ಲ. ಗಾಳದ ದಾರ ತಂದು, ದೊಡ್ಡ ಮೀನು ಎಳೆದರೂ ಬಿಚ್ಚದಂತೆ ಕಾಲರನ್ನು ಸುತ್ತಲೂ ಹೊಲಿದಳು. ಸೀಫಿ ಕೋಟಿನೊಳಗೆ ತೂರಿಕೊಂಡ. ಮಥಿಯೊ ಗುಂಡಿ ಹಾಕಿ, ಕಾಲರನ್ನು ಸರಿಪಡಿಸಿ, ಯಾರಿಗೂ ಕೇಳದಂತೆ ಅಂದ, "ಜೇಬಲ್ಲಿ ಏನಾದ್ರೂ ಸಿಕ್ಕಿದ್ರೆ ಹೇಳು ಮಗಾ."

ಹೆರಾಕ್ಲಿಯೊ ವಿಮಾನ ನಿಲ್ದಾಣದಲ್ಲಿ ಜನ ಅರ್ಧ ತೋಳಿನ ಅಂಗಿಯಲ್ಲಿ ಐಸ್‌ಕ್ರೀಂ ತಿನ್ನುತ್ತಿದ್ದರು. ತಪಾಸಣೆಯ ಹುಡುಗಿ ಕೋಟು ತೆಗೆಯಿರಿ ಎಂದಳು. ತೆಗೆದ. ಸ್ವೆಟರೂ ತೆಗೆಯಿರಿ ಎಂದಳು. ತೆಗೆದರೆ ಕೆಳಗೆ ಇನ್ನೊಂದು ಇತ್ತು. ಮೂರನೆಯದು ಬರುವ ಹೊತ್ತಿಗೆ ಹಿಂದೆ ನಿಂತವರು ಎಣಿಸತೊಡಗಿದ್ದರು. ನಾಲ್ಕನೆಯದು ತಲೆಯಲ್ಲೇ ಸಿಕ್ಕಿಕೊಂಡಿತು.

"ಸಾರ್," ಎಂದಳು ಆ ಹುಡುಗಿ ಮೆಲ್ಲಗೆ, "ಒಳಗಡೆ ನೀವು ಇದೀರ ತಾನೇ?"

ಮತ್ತೆ ಎಲ್ಲವನ್ನೂ ತೊಟ್ಟುಕೊಳ್ಳುವಷ್ಟರಲ್ಲಿ ವಿಮಾನಕ್ಕೆ ಕೊನೆಯ ಕರೆ. ಓಡಿದ, ಬೆವರಿದ. ವಿಮಾನದಲ್ಲಿ ಬೆಂದ. ಥೆಸಲೊನೀಕಿಯಿಂದ ಹತ್ತಿದ ಬಸ್ಸಿನಲ್ಲಿ ಹೀಟರು ಅವನ ಸೀಟಿನ ಕೆಳಗೇ ಇತ್ತು. ಸಂಜೆಗೆ ಕಸ್ತೋರಿಯಾದಲ್ಲಿ ಇಳಿದಾಗ ಒಳಗಿನ ಬಟ್ಟೆಯೆಲ್ಲ ತೊಯ್ದು ತೊಪ್ಪೆಯಾಗಿತ್ತು, ಹೊರಗಿನ ಗಾಳಿ ತಾಗಿದ ಕ್ಷಣ ಅಷ್ಟೂ ಮಂಜುಗಡ್ಡೆಯಾಯಿತು. ಹಿಮ ಬೀಳುತ್ತಿತ್ತು. ಅಜ್ಜಿಯರ ಕತೆಗಳಲ್ಲಿ ಆಕಾಶದಲ್ಲಿ ಯಾರೋ ದಿಂಬು ಕೊಡವುತ್ತಾರಲ್ಲ, ಹಾಗೇ, ಸದ್ದಿಲ್ಲದೆ. ದೊಮ್ನಾ ಓಡಿಬಂದು ಅವನನ್ನು ನೋಡಿ, ಎಣ್ಣೆಯಿಂದ ಮಿರಮಿರ ಮಿಂಚುತ್ತಿದ್ದ ಮೂಗನ್ನು ಬೆರಳಲ್ಲಿ ಮುಟ್ಟಿ, ನಗು ತಡೆಯಲಾರದೆ ಕಾಲರಿನಲ್ಲೇ ಮುಖ ಹುದುಗಿಸಿದಳು.

"ಕೋಟು ಚೆನ್ನಾಗಿದೆ," ಎಂದಳು. "ಅಪ್ಪ ಒಪ್ತಾರೆ ಬಿಡು."

ಬಾಗಿಲಲ್ಲೇ ನಿಂತಿದ್ದ ನಾವೂಮ್. ಮುಖ ನೋಡಲಿಲ್ಲ. ಕೋಟು ನೋಡಿದ. ತೋಳಿನ ಬಟ್ಟೆಯನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿದ, ಭುಜದ ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿದ. ಏನೋ ನೆನಪಾದವನಂತೆ ಹುಬ್ಬು ಗಂಟಿಕ್ಕಿ, ಒಳಗೆ ಬಾ, ಕೋಟು ಕೊಡು ಎಂದ. ಅಲ್ಲಿಯವರು ಹೊರಗಿನಿಂದ ಬಂದ ಕೋಟಿನ ಹಿಮ ಕೊಡವಿ, ತುಪ್ಪಳದ ಕಾಲರನ್ನು ಬಿಚ್ಚಿ ಬೇರೆಯಾಗಿ ಒಣಗಲು ಹಾಕುತ್ತಾರೆ. ಅದು ಅಲ್ಲಿ ಚಿಕ್ಕಮಕ್ಕಳಿಗೂ ಗೊತ್ತು. ನಾವೂಮ್ ಕಾಲರಿಗೆ ಕೈಹಾಕಿ ಎಳೆದ, ಬರಲಿಲ್ಲ. ದೀಪದ ಹತ್ತಿರ ಹಿಡಿದು ನೋಡಿದ.

"ಈ ಕಸಾಯಿ ಕೆಲಸ ಯಾರದು?"

"ನಮ್ಮಮ್ಮಂದು," ಎಂದ ಸೀಫಿ.

ದೊಮ್ನಾ ಕಣ್ಣು ಮುಚ್ಚಿಕೊಂಡಳು. ಮದುವೆ ಮುರಿದು ಬೀಳುವ ಸದ್ದು ಸೀಫಿಗೆ ಕೇಳಿಸಿದಂತಾಯಿತು, ಆದರೆ ಅದು ನಾವೂಮನ ಕತ್ತರಿ ಗಾಳದ ದಾರವನ್ನು ಒಂದೊಂದಾಗಿ ಕತ್ತರಿಸುವ ಸದ್ದು. ಕಾಲರು ಕಳಚಿ ಬಂತು. ಅದರ ಕೆಳಗೆ, ಕೋಟಿನ ಕುತ್ತಿಗೆಯ ಸುತ್ತ, ಕೆಂಪು ರೇಷ್ಮೆ ದಾರದಲ್ಲಿ ಸಣ್ಣ ಅಕ್ಷರಗಳು. ಒಂದು ದಿನವೂ ಬಿಸಿಲು ಕಾಣದ ಬಣ್ಣ, ನಿನ್ನೆ ಹೊಲಿದಂತಿತ್ತು. *ಒಪ್ಪಿದ್ದೇನೆ. ಈಸ್ಟರಿಗೆ ಬಾ.*

ನಾವೂಮ್ ಎರಡು ಸಲ ಓದಿ ಒಲೆಯ ಕಡೆ ತಿರುಗಿದ. ಅಲ್ಲಿ ಅವನ ಅಕ್ಕ ಥೆಯಾನೊ ಕೂತಿದ್ದಳು. ಮದುವೆಯಾಗದೆ ಆ ಮನೆಯಲ್ಲೇ ಉಳಿದವಳು, ಬೆಳ್ಳಿಕೂದಲ ತೆಳ್ಳನೆಯ ಹೆಂಗಸು. ಅವಳ ಕೈಯ ಸೂಜಿ ಆಗಲೇ ನಿಂತುಬಿಟ್ಟಿತ್ತು.

"ಆ ಕೋಟು ನಾನು ಹೊಲಿದಿದ್ದು," ಎಂದಳು. ಗಡಿಯಲ್ಲಿದ್ದ ಒಬ್ಬ ಸೈನಿಕ ಅವಳನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದ. ಅವನು ಊರಿಗೆ ಹೊರಟ ದಿನ ಅವಳು ಬಾಯಿಬಿಟ್ಟು ಹೇಳಲು ನಾಚಿ ಕೋಟು ಕೊಟ್ಟು, ನನ್ನ ಉತ್ತರ ಇದರಲ್ಲಿದೆ ಎಂದಿದ್ದಳು. ಅವನು ಬರಲೇ ಇಲ್ಲ.

"ಓದಿಯೂ ಬರ್ಲಿಲ್ಲ ಅಂತ ಇಷ್ಟು ದಿನ ಅಂದ್ಕೊಂಡಿದ್ದೆ. ಅವನು ಇದನ್ನ ನೋಡ್ಲೇ ಇಲ್ವಾ?"

ಸೀಫಿಗೆ ಎಲ್ಲವೂ ಒಮ್ಮೆಗೇ ಹೊಳೆಯಿತು. "ಕಾಲರಿಗೆ ಹುಕ್ಕು ಹಾಕೋದು ಬಿಚ್ಚೋಕೆ ಅಂತ ನಮ್ಮೂರಲ್ಲಿ ಯಾರಿಗೂ ಗೊತ್ತಿಲ್ಲ ಅತ್ತೆ," ಎಂದ. "ಮಥಿಯೊ ಚಿಕ್ಕಪ್ಪ ಜೇಬು ನೋಡಿದಾರೆ. ಮೂವತ್ತೈದು ವರ್ಷದಿಂದ ಜೇಬು ಮಾತ್ರ ನೋಡ್ತಾನೇ ಇದಾರೆ."

ಥೆಯಾನೊ ಕೋಟನ್ನು ಮಡಿಲಿಗೆ ಎಳೆದುಕೊಂಡಳು. ಅವನಿಗೆ ಮದುವೆಯಾಗಿದೆಯೋ ಎಂದು ಕೇಳಿದಳು. ಇಲ್ಲವೆಂದಾಗ ಒಲೆಗೆ ಸೌದೆ ಹಾಕುವ ನೆಪದಲ್ಲಿ ಆ ಕಡೆ ತಿರುಗಿದಳು.

ರಾಕಿ ತೆರೆದರು, ಚೀಸು ಕೊಯ್ದರು. ನಾವೂಮ್ ಸೀಫಿಯ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿ ಬೆನ್ನು ತಟ್ಟಿದ.

"ಒಳ್ಳೇ ಹುಡುಗ ನೀನು. ನನಗೆ ಒಪ್ಪಿಗೆ. ಆದ್ರೆ ಈ ಮನೇಲಿ ದೊಡ್ಡವರ ಮದುವೆ ಮೊದಲು. ಅಕ್ಕನ್ನ ಬಿಟ್ಟು ನಾನು ಮದುವೆ ಆಗಿ ಒಂದ್ಸಲ ಕ್ರಮ ತಪ್ಪಿಸ್ದೆ, ಇವತ್ತಿಗೂ ಗಂಟಲಲ್ಲಿ ಸಿಕ್ಕೊಂಡಿದೆ. ಇನ್ನೊಂದ್ಸಲ ತಪ್ಪಿಸಲ್ಲ. ಆ ಮನುಷ್ಯ ಬಂದು ಈ ಬಾಗಿಲಲ್ಲಿ ನಿಲ್ಲಲಿ. ಆಮೇಲೆ ನಿನ್ನ ಮಾತು."

ಹಲ್ಲುನೋವಿಗೂ ಊರು ಬಿಡದ ಮನುಷ್ಯನನ್ನು ನೆನೆದು ಸೀಫಿ ಇನ್ನೊಂದು ಲೋಟ ರಾಕಿ ಕುಡಿದ. ಆಮೇಲೆ ಕಾಫಿ ಅಂಗಡಿಗೆ ಫೋನ್ ಮಾಡಿ, ಕಾಲರಿನ ಕೆಳಗೆ ಬರೆದದ್ದನ್ನು ಓದಿ ಹೇಳಿದ. ಆ ಕಡೆ ಪಗಡೆಯ ದಾಳ ಉರುಳುವ ಸದ್ದು ನಿಂತಿತು. ಆಮೇಲೆ ಫೋನು ಕಟ್ಟಾಯಿತು.

ಬೆಳಗ್ಗೆ ಮೊದಲ ಬಸ್ಸಿಗೆ ಸೀಫಿಯನ್ನು ಕಳಿಸಿದರು, ಮಥಿಯೊನನ್ನು ಕರೆತರಲು. ತೊಯ್ದ ಸ್ವೆಟರುಗಳನ್ನು ದೊಮ್ನಾ ರಾತ್ರಿಯೇ ಒಗೆದು ಹಾಕಿದ್ದಳು, ಅವು ಅಂಗಳದ ತಂತಿಯ ಮೇಲೆ ಹಲಗೆಗಳಂತೆ ಸೆಟೆದು ನಿಂತಿದ್ದವು. ಕೋಟು ಕೊಡಲು ಥೆಯಾನೊ ಒಪ್ಪಲಿಲ್ಲ, ಅದು ಊರೂರು ಅಲೆದದ್ದು ಸಾಕೆಂದಳು. ಕಾಲರನ್ನು ಮಾತ್ರ ಅವನ ಕುತ್ತಿಗೆಗೆ ಸುತ್ತಿ, "ಇದನ್ನ ಅವನಿಗೆ ಕೊಡು. ಹುಕ್ಕು ಎಲ್ಲಿದೆ ಅಂತ ತೋರ್ಸು," ಎಂದಳು.

ಹೀಗೆ ಮೈನಸ್ ಹದಿನಾಲ್ಕರಲ್ಲಿ, ತೆಳ್ಳನೆಯ ಜಾಕೆಟ್ಟಿನ ಮೇಲೆ ಬರೀ ಕಾಲರು ತೊಟ್ಟು, ಕ್ಷೌರ ಮಾಡಿಸಿಕೊಂಡ ಸಿಂಹದಂತೆ ಸೀಫಿ ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ಫೋನು ಬಂತು. ಮಥಿಯೊ. ರಾತ್ರಿ ನಿದ್ದೆ ಮಾಡಿದ ದನಿಯಲ್ಲ.

"ಈಸ್ಟರಿಗೆ ಬಾ ಅಂತ ಬರ್ದಿದಾಳಲ್ಲ. ಯಾವ ವರ್ಷದ ಈಸ್ಟರು ಅಂತ ಬರ್ದಿದಾಳಾ?"

"ಇಲ್ಲ ಚಿಕ್ಕಪ್ಪಾ."

"ನೋಡು ಹಾಗಾದ್ರೆ," ಎಂದ ಮಥಿಯೊ. "ನಾನಿನ್ನೂ ತಡ ಮಾಡಿಲ್ಲ."

ಈಗಲೇ ಹೊರಡಬಹುದಲ್ಲ ಎಂದು ಸೀಫಿ ಹಲ್ಲು ಕಟಕಟಿಸುತ್ತ ಗೋಗರೆದ. ಈಗ ಬರುವುದು ಹೇಗೆ, ಊರಿಗಿದ್ದ ಒಂದು ಕೋಟೂ ಅಲ್ಲೇ ಇದೆ ಎಂದ ಮಥಿಯೊ. ಈಸ್ಟರಿಗೆ ಹಿಮ ಕರಗಿರುತ್ತದೆ, ಆಗ ಬರುತ್ತೇನೆ, ಅವಳು ಕರೆದದ್ದೂ ಆಗಲೇ ತಾನೆ, ಅಲ್ಲಿಯವರೆಗೆ ನೀನೂ ಕಾಯಿ. ಆದರೆ ಸೂಟ್‌ಕೇಸ್ ಇವತ್ತೇ ಕೆಳಗಿಳಿಸಿದ್ದೇನೆ, ಬೇಗ ಬಂದು ತುಂಬಿಕೊಡು, ನಿನಗೆ ಅನುಭವವಿದೆ.

ಅವನ ಹಿಂದೆ ಇಡೀ ಊರಿನ ಗದ್ದಲ ಕೇಳುತ್ತಿತ್ತು. ಎಣ್ಣೆ ಡಬ್ಬ ಈ ಸಲ ಎರಡಿರಲಿ ಎಂದು ರೊದಾಂಥಿ ವಾದಿಸುತ್ತಿದ್ದಳು. ಅಷ್ಟರಲ್ಲಿ ಯಾರೋ ಫೋನು ಕಸಿದುಕೊಂಡರು. ಸೀಫಿಯ ತಾಯಿ.

"ಅದೆಲ್ಲ ಇರ್ಲಿ," ಎಂದಳು. "ನಾನು ಅಷ್ಟು ಗಟ್ಟಿಯಾಗಿ ಹೊಲಿದಿದ್ದ ಕಾಲರು ಕಿತ್ತೋರು ಯಾರು?"