ಭಾವನ ಕಾರಿಗೆ ಬಂದ ಚರ್ಮ

"ದೂರ ನಿಂತ್ಕೋ! ಇದು ಬಣ್ಣ ಅಲ್ಲ, ಚರ್ಮ!" ಎಂದು ರುದ್ರಮುನಿ ಕೂಗಿದಾಗ ಮರುಳಸಿದ್ದಪ್ಪ ಆಗಲೇ ದೂರ ನಿಂತಿದ್ದ. ರುದ್ರಮುನಿಯ ಯಂತ್ರಗಳಿಂದ ಎಷ್ಟು ಮಾರು ದೂರವಿರಬೇಕೆಂಬುದು ತಿಪಟೂರಿನ ಆ ಬೀದಿಯವರಿಗೆಲ್ಲ ಅಭ್ಯಾಸವಾಗಿತ್ತು. ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದು ನಿವೃತ್ತನಾದ ಮೇಲೆ, ಅವನನ್ನು ತಡೆಯುವ ಪ್ರೊಫೆಸರುಗಳೂ ಇರಲಿಲ್ಲ.

ಔಷಧಿ ಹೊಡೆಯುವ ಡಬ್ಬವನ್ನು ಬೆನ್ನಿಗೆ ಕಟ್ಟಿಕೊಂಡು, ಒಂದು ತಗಡಿಗೆ ಬಿಳಿ ದ್ರವ ಸಿಂಪಡಿಸಿ, ಮೊಳೆಯಿಂದ ಬರ್ರನೆ ಗೀರಿದ. ನೋಡನೋಡುತ್ತಿದ್ದಂತೆ ಗೀರು ಕೂಡಿಕೊಂಡಿತು!

"ನೋಡ್ದಾ? ಗಾಯ ಮಾಯ್ದಂಗೆ ಮಾಯ್ತದೆ. ಬಣ್ಣಕ್ಕೇ ಜೀವ ಕೊಟ್ಟಿದೀನಿ!"

"ಕಾರಿಗೇನೂ ಆಗಲ್ಲ ತಾನೆ?"

"ನಿನ್ನ ಮೈಮೇಲೆ ಚರ್ಮ ಐತಲ್ಲ, ನಿಂಗೇನಾದ್ರೂ ಆಗೈತಾ?"

ಮರುಳಸಿದ್ದಪ್ಪ ತನ್ನ ಕೈಯನ್ನೊಮ್ಮೆ ಸವರಿ ನೋಡಿಕೊಂಡ. ತಲೆಯಾಡಿಸಿಬಿಟ್ಟ.

ಬೇರೆ ದಾರಿಯೂ ಇರಲಿಲ್ಲ. ಕಾರು ಅವನದಲ್ಲ, ಹೆಂಡತಿಯ ಅಣ್ಣ ಷಡಕ್ಷರಪ್ಪನದು. ಈ ಮಹಾನುಭಾವ, ತಂಗಿ ಮನೆಯ ಗೃಹಪ್ರವೇಶದ ಊಟದಲ್ಲಿ ತನ್ನ ಹೋಳಿಗೆಗೆ ತುಪ್ಪ ಬಡಿಸಲು ಮರೆತರೆಂದು ಆರು ವರ್ಷ ಮಾತು ಬಿಟ್ಟಿದ್ದವನು! ಈಗ ಹೇಗೋ ಮನಸ್ಸು ಕರಗಿ, ಕಾಶಿಗೆ ಹೋಗುವ ಮುಂಚೆ ತನ್ನ ಹೊಸ ಬಿಳಿ ಕಾರನ್ನು ತಂಗಿಯ ಮನೆ ಮುಂದೆ ಬಿಟ್ಟು, "ಜೋಪಾನ" ಎಂದು ಒಂದೇ ಮಾತಾಡಿ ಹೋಗಿದ್ದ. ಎರಡನೇ ದಿನವೇ ಯಾರದೋ ಮೇಕೆ ಬಾನೆಟ್ಟಿನ ಮೇಲೆ ಹತ್ತಿ, ನುಗ್ಗೆಸೊಪ್ಪಿಗೆ ಕತ್ತು ಚಾಚಿ, ಜಾರಿ, ಗೇಣುದ್ದ ಗೀರು ಎಳೆದಿತ್ತು.

"ಅಣ್ಣ ಇದನ್ನ ನೋಡಿದ್ರೆ ಇನ್ನು ನಮ್ಮನೆ ಹೊಸಲು ತುಳಿಯಲ್ಲ ಕಣ್ರೀ!" ಎಂದು ಗಂಗಾಂಬಿಕೆ ಸೆರಗಲ್ಲಿ ಕಣ್ಣೊರೆಸಿಕೊಂಡಿದ್ದಳು. ಹೆಂಡತಿಯ ಆ ಕಣ್ಣೀರು ಮರುಳಸಿದ್ದಪ್ಪನ ಎದೆಗೆ ಚುಚ್ಚಿತ್ತು.

ರುದ್ರಮುನಿ ಇಡೀ ಕಾರಿಗೆ ಚರ್ಮ ಹೊಡೆದ. ಮರುದಿನ ಗೀರಿನ ಮೇಲೆ ಹಕ್ಕಳೆ ಕಟ್ಟಿತು. ಮೂರನೇ ದಿನ ಹಕ್ಕಳೆ ಉದುರಿತು. ಗೀರು ಮಾಯ! ಗಂಗಾಂಬಿಕೆ ಅಂದು ಪಾಯಸ ಮಾಡಿದಳು.

ಪಾಯಸದ ಬಾಯಲ್ಲೇ ಮರುಳಸಿದ್ದಪ್ಪ ಕಾರು ತೊಳೆಯಲು ಹೋದ. ಬಾಗಿಲನ್ನು ಬಟ್ಟೆಯಿಂದ ಒರೆಸಿದ್ದೇ ತಡ, ಕಾರು ಗಡಗಡನೆ ಅಲುಗಾಡಿ "ಪೀಂ ಪೀಂ" ಎಂದಿತು!

"ಕಚಗುಳಿ ಕಣೋ!" ಪಕ್ಕದಲ್ಲೇ ನಿಂತಿದ್ದ ರುದ್ರಮುನಿ ಕುಣಿದಾಡಿದ. "ಎಷ್ಟು ಸೂಕ್ಷ್ಮ ಚರ್ಮ ನೋಡು!"

ಕಾರು ನಗುತ್ತಿದೆಯೋ ಅಳುತ್ತಿದೆಯೋ ಮರುಳಸಿದ್ದಪ್ಪನಿಗೆ ಅರ್ಥವಾಗಲಿಲ್ಲ. ಬಕೆಟ್ಟನ್ನು ಅಲ್ಲೇ ಬಿಟ್ಟು ಒಳಗೆ ಹೋದ.

ಭಾವ ಬರುವ ದಿನ ಬೆಳಿಗ್ಗೆ ನೋಡಿದರೆ ಕಾರಿನ ತುಂಬ ಕೆಂಪು ಗುಳ್ಳೆ! ಮುಟ್ಟಿದರೆ ಬಾನೆಟ್ಟು ಕೆಂಡ. ಎದುರುಮನೆಯ ಗೌರಜ್ಜಿ ಕೋಲೂರಿಕೊಂಡು ಬಂದವರು ಒಂದು ಸುತ್ತು ಹಾಕಿ ಕೈಮುಗಿದರು.

"ಅಮ್ಮ ಬಂದವ್ಳೆ."

"ಸೀತಾಳೆ ಸಿಡು..." ಎನ್ನುವಷ್ಟರಲ್ಲಿ ಅಜ್ಜಿ ಮರುಳಸಿದ್ದಪ್ಪನಿಗೆ ಗದರಿದರು. "ಹಂಗೆಲ್ಲ ಹೆಸರಿಡಿದು ಅನ್ಬಾರದು!" ಆಮೇಲೆ ಓಡಿಬಂದ ರುದ್ರಮುನಿಯ ಕಡೆ ತಿರುಗಿದರು. "ಏ ರುದ್ರ, ಯಾರ ಚರ್ಮದಿಂದ ಮಾಡ್ದೆ ಇದನ್ನ?"

"ನಂದೇ ಅಜ್ಜಿ. ಮೊಣಕೈಯಿಂದ ಒಂಚೂರು ತಗೊಂಡಿದ್ದೆ."

"ನಿಂಗೆ ಚಿಕ್ಕಂದಿನಲ್ಲಿ ಅಮ್ಮ ಆಗಿತ್ತಾ?"

"ಇಲ್ಲ."

"ಮತ್ತಿನ್ನೇನು! ಈ ಸಲ ಬೀದೀಲಿ ಮೂರು ಮನೆಗೆ ಬಂದವ್ಳೆ. ನಾಲ್ಕನೇದು ಇದು!"

ಬಾನೆಟ್ಟಿಗೆ ಬೇವಿನ ಸೊಪ್ಪು ಕಟ್ಟಿದ್ದಾಯಿತು. ಮನೆಯಲ್ಲಿ ಒಗ್ಗರಣೆ ನಿಂತಿತು. ಇದಕ್ಕೆ ಮೆಕ್ಯಾನಿಕ್ಕನ್ನು ಕರೆಯಬೇಕೋ ಡಾಕ್ಟರನ್ನು ಕರೆಯಬೇಕೋ ಎಂದು ಮರುಳಸಿದ್ದಪ್ಪ ತಲೆ ಕೆರೆದುಕೊಳ್ಳುತ್ತಿರುವಾಗಲೇ ಆಟೋ ಬಂದು ನಿಂತಿತು. ಷಡಕ್ಷರಪ್ಪ ಗಂಗೆಯ ತಂಬಿಗೆ ಹಿಡಿದು ಇಳಿದ. ಕಾರು ನೋಡಿದ. ಮೀಸೆ ಅದುರಿತು.

"ಏನ್ರೀ ಇದು, ಮರುಳಸಿದ್ದಪ್ಪನೋರೆ?"

"ಭಾವ, ಅದು... ಮೇಕೆ... ಚರ್ಮ..." ಮರುಳಸಿದ್ದಪ್ಪ ಗೀರಿದ್ದ ಜಾಗಕ್ಕೆ ಬೆರಳು ತೋರಿಸಿದ. ಆರು ವರ್ಷವಲ್ಲ, ಇನ್ನು ಜನ್ಮಪೂರ್ತಿ ಮಾತಿಲ್ಲ ಎಂದುಕೊಂಡ.

"ಚಪ್ಪಲಿ ಬಿಡ್ರೀ ಮೊದ್ಲು!" ಎಂದರು ಗೌರಜ್ಜಿ. "ಅಮ್ಮನ ಮುಂದೆ ದನಿ ಏರಿಸ್ತೀರಾ?"

ಕಾಶಿಯಿಂದ ಆಗಷ್ಟೇ ಬಂದವನು. ಭಕ್ತಿ ಇನ್ನೂ ಹಸಿಯಾಗಿತ್ತು. ಗಾಬರಿಯಿಂದ ಚಪ್ಪಲಿ ಬಿಟ್ಟು, ಕಾರಿನ ಮೇಲೆ ಕೈಯಿಟ್ಟು ಗಲ್ಲ ಬಡಿದುಕೊಂಡ. "ತಪ್ಪಾಯ್ತು ತಾಯಿ. ನಾನು ಇವಳನ್ನ ಕರ್ಕೊಂಡು ಹೋಗ್ಬೋದಾ?"

"ಗುಳ್ಳೆ ಒಣಗಿ ನೀರು ಹಾಕೋವರ್ಗೂ ಬೀದಿ ದಾಟಂಗಿಲ್ಲ. ಮುಟ್ಟಿದ್ರಲ್ಲ, ನೀವೂ ದಾಟಂಗಿಲ್ಲ!"

ಹೀಗೆ ಷಡಕ್ಷರಪ್ಪ ತಂಗಿಯ ಹೊಸಲು ತುಳಿದ. ಎರಡು ವಾರ ಒಗ್ಗರಣೆ ಇಲ್ಲದ ಮೊಸರನ್ನ ತಿಂದ. ತುಪ್ಪದ ಮಾತೆತ್ತಲಿಲ್ಲ. ದೊಡ್ಡ ಮೈಯಾದ್ದರಿಂದ ಕಾರಿನ ಗುಳ್ಳೆ ನಿಧಾನವಾಗಿ ಬಾಡಿತು. ಅದು ಬಾಡುವ ಹೊತ್ತಿಗೆ ಷಡಕ್ಷರಪ್ಪನ ಬೆನ್ನ ಮೇಲೆ ಗುಳ್ಳೆ ಎದ್ದಿತು! ಗಂಗಾಂಬಿಕೆ ಅಣ್ಣನಿಗೆ ಬೇವಿನೆಲೆಯಿಂದ ಗಾಳಿ ಹಾಕುತ್ತ, ಬಾಲ್ಯದ ಕತೆ ಹೇಳಿ ನಗಿಸಿದಳು. ಅಷ್ಟು ಸಂತೋಷವಾಗಿ ಅವಳನ್ನು ಮರುಳಸಿದ್ದಪ್ಪ ಎಂದೂ ಕಂಡಿರಲಿಲ್ಲ.

ಇನ್ನೇನು ಕಾರಿಗೆ ನೀರು ಹಾಕಬೇಕು, ಆಗ ಹೊರಗೆ ಕರ್ರ್... ಕರ್ರ್... ಎಂಬ ಸದ್ದು. ಮರುಳಸಿದ್ದಪ್ಪ ಓಡಿಬಂದ. ಗುಳ್ಳೆ ಒಣಗಿ ಹಕ್ಕಳೆ ಕಟ್ಟಿದ ಕಾರು ತಾನಾಗಿ ಹಿಂದಕ್ಕೂ ಮುಂದಕ್ಕೂ ಓಲಾಡುತ್ತ, ಒರಟು ಕಲ್ಲಿನ ಕಾಂಪೌಂಡಿಗೆ ಎಮ್ಮೆಯಂತೆ ಮೈ ಉಜ್ಜುತ್ತಿತ್ತು! ಹೆಡ್‌ಲೈಟಿನಿಂದ ಡಿಕ್ಕಿಯವರೆಗೆ ಹಕ್ಕಳೆ, ಚರ್ಮ, ಹಳೇ ಬಣ್ಣ ಎಲ್ಲ ಕಿತ್ತು ತಗಡು ಹಲ್ಲು ಕಿರಿದಿತ್ತು.

"ಅಯ್ಯೋ ಭಾವ, ಹೊರಗೆ ಬರಬೇಡಿ!" ಎಂದು ಅವನು ಕೂಗುವಾಗಲೇ ಷಡಕ್ಷರಪ್ಪ ಬಾಗಿಲಿಗೆ ಬಂದಾಗಿತ್ತು. ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ಮೇಲಕ್ಕೂ ಕೆಳಕ್ಕೂ ಉಜ್ಜಿಕೊಳ್ಳುತ್ತ, ಕಣ್ಣು ಅರೆಮುಚ್ಚಿ, ತನ್ನ ಕಾರನ್ನು ನೋಡಿದ.

"ಪಾಪ, ಅದರ ಆ ಕಡೆ ಪಕ್ಕದಲ್ಲೂ ನವೆ ಇರ್ತದೆ," ಎಂದ. "ತಿರುಗಿಸಿ ನಿಲ್ಸಿ."